ಸಿಡಿಸಿ ಆರೋಗ್ಯ ಸಮೀಕ್ಷೆಗಳ 60 ದಿನದ ನೋಟಿಸ್: ಏನು ಓದಬೇಕು, ಏನು ಬರೆದರೆ ಲೆಕ್ಕಕ್ಕೆ ಬರುತ್ತದೆ?

ಹೊಳೆದಂಡೆ:
ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೊಸ ಆರೋಗ್ಯ ಸಮೀಕ್ಷೆ ಮಾಡುವ ಮೊದಲು ಫೆಡರಲ್ ರಿಜಿಸ್ಟರ್ ಎಂಬ ಸರ್ಕಾರಿ ಗೆಜೆಟ್‌ನಲ್ಲಿ ನೋಟಿಸ್ ಹಾಕುತ್ತದೆ, 60 ದಿನದೊಳಗೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ಆದರೆ ನೋಟಿಸ್ ತೆರೆದರೆ ನಾಲ್ಕೈದು ಪ್ಯಾರಾ ವಿವರಣೆ, ಕೊನೆಗೆ ಗಂಟೆಗಳ ಒಂದು ಪಟ್ಟಿ, ಅಷ್ಟೇ. ಪ್ರಶ್ನಾವಳಿಯೇ ಕಾಣುವುದಿಲ್ಲ. ಇಲ್ಲಿನ ಕನ್ನಡ ಕೂಟಗಳ ಆರೋಗ್ಯ ಸಮಿತಿಗಳು ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗೆ ಸಂಬಂಧಪಟ್ಟ ಸಮೀಕ್ಷೆಗಳಿಗೆ ಅಭಿಪ್ರಾಯ ಕಳಿಸಬೇಕೆಂದರೆ ಎಲ್ಲಿಂದ ಶುರು ಮಾಡಬೇಕು? ಕೊನೆಗೆ ತೀರ್ಮಾನ ಯಾರದು? ನೂರು ಜನ ಸಹಿ ಮಾಡಿದ ಪತ್ರ ಕಳಿಸಿದರೆ ತೂಕ ಹೆಚ್ಚುತ್ತದೆಯೇ?

ಕಡತವಾಸಿ:
ತೀರ್ಮಾನ ಸಿಡಿಸಿಯದಲ್ಲ, ಮೊದಲು ಇದು ಮನಸ್ಸಿನಲ್ಲಿರಲಿ. ಶ್ವೇತಭವನದ ಅಧೀನದಲ್ಲಿರುವ ಬಜೆಟ್ ಕಚೇರಿ ಒಎಂಬಿ, ಅದರೊಳಗಿನ ಒಐಆರ್‌ಎ ಎಂಬ ಶಾಖೆ ಒಪ್ಪಿಗೆ ಕೊಡಬೇಕು. ಇದಕ್ಕೆ ಆಧಾರ ಪೇಪರ್‌ವರ್ಕ್ ರಿಡಕ್ಷನ್ ಆಕ್ಟ್. 1980ರಲ್ಲಿ ಬಂತು, 1995ರಲ್ಲಿ ಪೂರ್ತಿ ತಿದ್ದಿ ಬರೆದರು. 12 ತಿಂಗಳೊಳಗೆ 10 ಅಥವಾ ಹೆಚ್ಚು ಮಂದಿಗೆ ಒಂದೇ ಪ್ರಶ್ನೆಗಳನ್ನು ಕೇಳುವ ಯಾವ ಕೇಂದ್ರ ಇಲಾಖೆಯೂ ಈ ದಾರಿಯಲ್ಲೇ ಹೋಗಬೇಕು. ಜನ ಉತ್ತರಿಸುವುದು ಕಡ್ಡಾಯವೋ ಸ್ವಇಚ್ಛೆಯೋ ಎಂಬುದು ಇಲ್ಲಿ ಮುಖ್ಯವಲ್ಲ.

ನಡೆಯುವ ಕ್ರಮ ಹೀಗೆ. ಇಲಾಖೆ 60 ದಿನದ ನೋಟಿಸ್ ಹಾಕುತ್ತದೆ. ಆಗ ಅಭಿಪ್ರಾಯ ಹೋಗುವುದು ಇಲಾಖೆಗೇ. ಬಂದದ್ದನ್ನು ನೋಡಿ, ಬೇಕಾದರೆ ತಿದ್ದಿ, ಪೂರ್ತಿ ಕಡತವನ್ನು ಒಎಂಬಿಗೆ ಸಲ್ಲಿಸುತ್ತದೆ. ಅದೇ ಹೊತ್ತಿಗೆ 30 ದಿನದ ಎರಡನೇ ನೋಟಿಸ್ ಬರುತ್ತದೆ. ಈ ಬಾರಿ ಅಭಿಪ್ರಾಯ ಹೋಗುವುದು ನೇರ ಒಎಂಬಿಗೆ. ಕಡತ ಕೈಸೇರಿದ ಮೇಲೆ ಒಎಂಬಿಗೆ 60 ದಿನ ಅವಧಿ. ಒಪ್ಪಿದರೆ ಒಂದು ಕಂಟ್ರೋಲ್ ನಂಬರ್ ಸಿಗುತ್ತದೆ, ಗರಿಷ್ಠ 3 ವರ್ಷಕ್ಕೆ. ಸಿಡಿಸಿಯ ನಂಬರುಗಳೆಲ್ಲ 0920ರಿಂದ ಶುರುವಾಗುತ್ತವೆ. ಮನೆಮನೆ ಸಂದರ್ಶನದ ಎನ್‌ಎಚ್‌ಐಎಸ್‌ಗೆ 0920-0214, ರಕ್ತ ಪರೀಕ್ಷೆಯೂ ಇರುವ ಎನ್‌ಹೇನ್ಸ್‌ಗೆ 0920-0950.

ಅಭಿಪ್ರಾಯ ಹೇಳುವ ಈ ಎರಡು ಅವಕಾಶಗಳಲ್ಲಿ ಮೊದಲನೆಯದೇ ದೊಡ್ಡದು. 30 ದಿನದ ಹಂತಕ್ಕೆ ಬರುವಷ್ಟರಲ್ಲಿ ಮಾದರಿ ವಿನ್ಯಾಸ, ಗುತ್ತಿಗೆ, ಪ್ರಶ್ನೆಗಳ ಪರೀಕ್ಷೆ ಎಲ್ಲ ಮುಗಿದಿರುತ್ತದೆ. ಒಂದು ಪ್ರಶ್ನೆಯ ಪದ ಬದಲಿಸಬಹುದು, ಸಮೀಕ್ಷೆಯ ಚೌಕಟ್ಟನ್ನು ಅಲ್ಲಾಡಿಸುವುದು ಬಹಳ ಕಷ್ಟ.

ಗಣಕಪಟ್ಟಿ:
ಪ್ರಶ್ನಾವಳಿ ಸಿಗುವ ದಾರಿ ಮೂರು.

ನೋಟಿಸಿನಲ್ಲೇ "ಮಾಹಿತಿ ಸಂಗ್ರಹಣೆಯ ಯೋಜನೆ ಮತ್ತು ಪ್ರಶ್ನಾವಳಿಯ ಪ್ರತಿ ಬೇಕಾದವರು ಸಂಪರ್ಕಿಸಿ" ಎಂಬ ಸಾಲು ಇರುತ್ತದೆ. ಅಲ್ಲಿನ ಇಮೇಲಿಗೆ ಡಾಕೆಟ್ ನಂಬರ್ (ಆ ನೋಟಿಸಿನ ಕಡತ ಸಂಖ್ಯೆ) ಹಾಕಿ ಎರಡೇ ಸಾಲು ಬರೆಯಿರಿ. ಬಹುಪಾಲು ಜನ ಈ ಸಾಲನ್ನು ಓದದೇ ದಾಟಿಬಿಡುತ್ತಾರೆ. ನೋಟಿಸ್ ಬಂದ ಮೊದಲ ವಾರವೇ ಕೇಳಿ. 50ನೇ ದಿನ ಕೇಳಿದರೆ ಪ್ರತಿ ಕೈಗೆ ಬಂದರೂ ಓದಲು ಸಮಯವಿರುವುದಿಲ್ಲ.

ಸಮೀಕ್ಷೆ ಹಳೆಯದಾಗಿದ್ದು ಅವಧಿ ನವೀಕರಣಕ್ಕೆ ಬಂದಿದ್ದರೆ ಇನ್ನೂ ಸುಲಭ. ಒಎಂಬಿಗೆ ಸಲ್ಲಿಸಿದ ಕಡತಗಳನ್ನು ಇಡುವ ರೆಗ್‌ಇನ್ಫೋ ಜಾಲತಾಣಕ್ಕೆ ಹೋಗಿ ಕಂಟ್ರೋಲ್ ನಂಬರ್ ಹುಡುಕಿದರೆ ಹಿಂದಿನ ಕಡತಗಳೆಲ್ಲ ಸಾಲಾಗಿ ಬರುತ್ತವೆ. ಪ್ರತಿಯೊಂದರಲ್ಲೂ ಪ್ರಶ್ನಾವಳಿ, ಸಪೋರ್ಟಿಂಗ್ ಸ್ಟೇಟ್‌ಮೆಂಟ್ ಎ ಮತ್ತು ಬಿ (ಸಮೀಕ್ಷೆ ಯಾಕೆ, ಹೇಗೆ ಎಂದು ಇಲಾಖೆ ಕೊಡುವ ಸಮರ್ಥನೆ), ಹಿಂದೆ ಬಂದ ಅಭಿಪ್ರಾಯಗಳು, ಕೊನೆಗೆ ಒಎಂಬಿಯ ಆದೇಶಪತ್ರ. ಆ ಆದೇಶದಲ್ಲಿ 'ಒಪ್ಪಿಗೆಯ ಷರತ್ತುಗಳು' ಎಂಬ ಭಾಗ ಇದ್ದರೆ ಅದನ್ನೇ ಮೊದಲು ಓದಿ. ಮುಂದಿನ ಸಲ ಬರುವಾಗ ಇಂಥ ವಿಶ್ಲೇಷಣೆ ಮಾಡಿ ತನ್ನಿ ಎಂದು ಒಎಂಬಿ ಹೇಳಿದ್ದು, ಇಲಾಖೆ ಅದನ್ನು ತಂದಿರದಿದ್ದರೆ ನಿಮ್ಮ ಅಭಿಪ್ರಾಯಪತ್ರದ ಅತಿ ಬಲವಾದ ಪ್ಯಾರಾ ಅಲ್ಲೇ ಸಿಕ್ಕಿತು.

ಮೂರನೆಯದು, ಅಭಿಪ್ರಾಯ ಸಲ್ಲಿಸುವ ರೆಗ್ಯುಲೇಷನ್ಸ್ ಜಾಲತಾಣದ ಡಾಕೆಟ್ ಪುಟದ ಲಗತ್ತುಗಳು. ಎಲ್ಲ ಸಲವೂ ಇರುವುದಿಲ್ಲ, ಆದರೂ ನೋಡಿ.

ಹೊಳೆದಂಡೆ:
ಸ್ಟೇಟ್‌ಮೆಂಟ್ ಎ ಒಂದೊಂದು ಸಲ 40 ಪುಟ ದಾಟುತ್ತದೆ. ಎಲ್ಲವನ್ನೂ ಓದಲೇಬೇಕೆ?

ಗಣಕಪಟ್ಟಿ:
ಬೇಡ. ಎ ಭಾಗದಲ್ಲಿ 18 ಅಂಶಗಳಿವೆ, ಕ್ರಮ ಯಾವಾಗಲೂ ಒಂದೇ. 4ನೇ ಅಂಶ: ಇದೇ ಮಾಹಿತಿ ಬೇರೆಲ್ಲಾದರೂ ಸಿಗುತ್ತದೆಯೇ. 8ನೇ ಅಂಶ: 60 ದಿನದ ನೋಟಿಸಿಗೆ ಬಂದ ಅಭಿಪ್ರಾಯಗಳು, ಅದಕ್ಕೆ ಇಲಾಖೆ ಏನು ಮಾಡಿತು, ಹೊರಗಿನ ಯಾರನ್ನು ಕೇಳಿತು. 9: ಉತ್ತರಿಸಿದವರಿಗೆ ಹಣ ಅಥವಾ ಉಡುಗೊರೆ ಕೊಡುವುದಾದರೆ ಯಾಕೆ, ಎಷ್ಟು. 10: ಗೌಪ್ಯತೆ. 11: ಸೂಕ್ಷ್ಮ ಪ್ರಶ್ನೆಗಳಿಗೆ ಸಮರ್ಥನೆ. 12: ಸಮಯದ ಹೊರೆ. ಇಷ್ಟು ಓದಿದರೆ ಎ ಭಾಗ ಸಾಕು.

ಬಿ ಭಾಗದಲ್ಲಿ ಐದೇ ಅಂಶ, ಅದನ್ನು ಮಾತ್ರ ಒಂದಕ್ಷರ ಬಿಡದೆ ಓದಿ. ಯಾರಿಂದ, ಹೇಗೆ ಮಾದರಿ ಆಯುತ್ತಾರೆ, ಎಷ್ಟು ಮಂದಿ ಉತ್ತರಿಸುವ ನಿರೀಕ್ಷೆ, ಉತ್ತರಿಸದವರ ಬಗ್ಗೆ ಏನು ಮಾಡುತ್ತಾರೆ, ಪ್ರಶ್ನೆಗಳನ್ನು ಮೊದಲೇ ಪರೀಕ್ಷಿಸಿದ್ದಾರೆಯೇ ಎಂಬುದೆಲ್ಲ ಅಲ್ಲಿದೆ. ಒಎಂಬಿಯ 2006ರ ಸಂಖ್ಯಾಶಾಸ್ತ್ರೀಯ ಮಾನದಂಡಗಳ ಪ್ರಕಾರ ಉತ್ತರದ ಪ್ರಮಾಣ 80%ಗಿಂತ ಕಡಿಮೆ ಇರುವ ಅಂದಾಜಿದ್ದರೆ, ಉತ್ತರಿಸದವರಿಂದ ಫಲಿತಾಂಶ ಎತ್ತ ವಾಲುತ್ತದೆ ಎಂದು ಪರಿಶೀಲಿಸುವ ಯೋಜನೆಯನ್ನು ಇಲಾಖೆ ಕೊಡಬೇಕು. ಈಗಿನ ಕಾಲದಲ್ಲಿ 80% ಮುಟ್ಟುವ ಸಮೀಕ್ಷೆ ಅಪರೂಪ. ಹಾಗಾಗಿ ಆ ಯೋಜನೆ ಇದೆಯೇ, ಇದ್ದರೆ ಅದು "ವಿಶ್ಲೇಷಣೆ ಮಾಡಲಾಗುವುದು" ಎಂಬ ಒಂದೇ ಸಾಲೋ ಅಥವಾ ಯಾವ ಹೊರಗಿನ ಅಂಕಿಅಂಶದ ಜೊತೆ ಹೋಲಿಸುತ್ತಾರೆ ಎಂಬ ವಿವರವೋ, ನೋಡಿ.

ಮಳೆಮಾಪಕ:
ಆ ಗಂಟೆಗಳ ಪಟ್ಟಿಯ ಬಗ್ಗೆ ಬರೆಯುತ್ತೇನೆ. ಅದನ್ನು ಎಲ್ಲರೂ ಔಪಚಾರಿಕ ಎಂದುಕೊಂಡು ಬಿಡುತ್ತಾರೆ. ಹಾಗಲ್ಲ, ಹೊರೆಯ ಅಂದಾಜು ಸರಿಯೇ ಎಂದು ಕೇಳುವುದೇ ಕಾಯ್ದೆ ಸಾರ್ವಜನಿಕರಿಗೆ ಕೊಟ್ಟಿರುವ ನಾಲ್ಕು ಪ್ರಶ್ನೆಗಳಲ್ಲಿ ಒಂದು. (ಉಳಿದ ಮೂರು: ಈ ಮಾಹಿತಿ ನಿಜಕ್ಕೂ ಬೇಕಾಗಿ ಉಪಯೋಗಕ್ಕೆ ಬರುವಂಥದ್ದೇ, ಗುಣಮಟ್ಟ ಮತ್ತು ಸ್ಪಷ್ಟತೆ ಹೆಚ್ಚಿಸುವುದು ಹೇಗೆ, ಉತ್ತರಿಸುವವರ ಹೊರೆ ಇಳಿಸುವುದು ಹೇಗೆ.)

ಲೆಕ್ಕ ಸರಳ. ಉತ್ತರಿಸುವವರ ಸಂಖ್ಯೆ, ಒಬ್ಬೊಬ್ಬರು ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ಗಂಟೆ, ಮೂರನ್ನೂ ಗುಣಿಸಿ. ಉದಾಹರಣೆಗೆ ಹೇಳುವುದಾದರೆ 30,000 ಮನೆಗಳಿಗೆ, ಸಮೀಕ್ಷೆಗೆ ಅರ್ಹರೋ ಎಂದು ನೋಡುವ 3 ನಿಮಿಷದ ಆಯ್ಕೆ ಪ್ರಶ್ನೆಗಳು: 1,500 ಗಂಟೆ. ಅವರಲ್ಲಿ 12,000 ಮಂದಿಗೆ 20 ನಿಮಿಷದ ಮುಖ್ಯ ಸಂದರ್ಶನ: 4,000 ಗಂಟೆ. ಒಟ್ಟು 5,500.

ತಪ್ಪುವುದು ಎಲ್ಲೆಂದರೆ, ಆಯ್ಕೆ ಪ್ರಶ್ನೆಗಳಿಗೆ ಉತ್ತರಿಸಿ ಅರ್ಹರಲ್ಲ ಎಂದು ಹೊರಬಿದ್ದ 18,000 ಮನೆಗಳ ಹೊರೆಯನ್ನು ಬಿಟ್ಟು ಅರ್ಹ 12,000 ಮಂದಿಯ ಲೆಕ್ಕ ಮಾತ್ರ ಹಾಕುವುದು. ಅರ್ಧಕ್ಕೆ ಬಿಟ್ಟವರನ್ನು ಸೇರಿಸದಿರುವುದು. ಔಷಧಿ ಡಬ್ಬಿಗಳನ್ನು ಹುಡುಕಿ ತಂದು ಹೆಸರು ಓದಿ ಹೇಳಲು, ವಿಮೆ ಕಾರ್ಡ್ ತೆಗೆಯಲು ಹಿಡಿಯುವ ಸಮಯವನ್ನು ಬಿಡುವುದು. ನಿಯಮದ ಪ್ರಕಾರ ದಾಖಲೆ ಹುಡುಕುವ ಸಮಯವೂ ಹೊರೆಯೇ. ಇನ್ನೊಂದು, ಕಚೇರಿಯ ಸಿಬ್ಬಂದಿ ಪರಸ್ಪರ ಓದಿ ನೋಡಿ 20 ನಿಮಿಷ ಎಂದು ಬರೆದುಬಿಡುವುದು. ಇಂಗ್ಲಿಷ್ ಎರಡನೇ ಭಾಷೆಯಾಗಿರುವ 70 ವರ್ಷದವರಿಗೆ ಅದೇ ಪ್ರಶ್ನೆಗಳು 20 ನಿಮಿಷಕ್ಕೆ ಮುಗಿಯುವುದಿಲ್ಲ.

ನೀವು ಮಾಡಬಹುದಾದ ಕೆಲಸ: ಪ್ರಶ್ನಾವಳಿ ಸಿಕ್ಕಿದ ಮೇಲೆ ಬೇರೆ ಬೇರೆ ವಯಸ್ಸಿನ ಏಳೆಂಟು ಮಂದಿಗೆ ಗಟ್ಟಿಯಾಗಿ ಓದಿಸಿ, ಗಡಿಯಾರ ಹಿಡಿದು ಅಳೆಯಿರಿ. ಉತ್ತರಗಳನ್ನು ಬರೆದುಕೊಳ್ಳಬೇಡಿ, ಸಮಯ ಮಾತ್ರ. "ನಾವು ಅಳೆದಾಗ ಇಷ್ಟಿಷ್ಟು ನಿಮಿಷ ಹಿಡಿಯಿತು, ಹೆಚ್ಚು ಸಮಯ ತಿಂದದ್ದು ಇಂಥ ಸಂಖ್ಯೆಯ ಪ್ರಶ್ನೆ" ಎಂದು ಬರೆದ ಪತ್ರವನ್ನು ಇಲಾಖೆ ಬದಿಗಿಡಲು ಆಗುವುದಿಲ್ಲ.

ಸಂತೆಪೇಟೆ:
ಇಲಾಖೆಯ ನೈತಿಕ ಸಮಿತಿ ಒಪ್ಪಿದ ಮೇಲೂ ಇದೆಲ್ಲ ಯಾಕೆ? ಒಂದೇ ಕೆಲಸ ಎರಡು ಸಲ ಆಗಲಿಲ್ಲವೇ?

ಕಡತವಾಸಿ:
ಎರಡೂ ಬೇರೆ ಕೆಲಸ. ಐಆರ್‌ಬಿ, ಅಂದರೆ ನೀವು ಹೇಳಿದ ನೈತಿಕ ಸಮಿತಿ, ನೋಡುವುದು ಭಾಗವಹಿಸುವ ವ್ಯಕ್ತಿಗೆ ಹಾನಿ ಆಗದಿರಲಿ, ಒಪ್ಪಿಗೆ ಸರಿಯಾಗಿ ಪಡೆಯಲಿ ಎಂಬುದನ್ನು. ಒಎಂಬಿ ನೋಡುವುದು ಈ ಮಾಹಿತಿ ಬೇಕೇ, ಮೊದಲೇ ಇದೆಯೇ, ಜನರ ಸಮಯಕ್ಕೆ ತಕ್ಕುದೇ, ವಿಧಾನ ಗಟ್ಟಿಯೇ ಎಂಬುದನ್ನು. 2018ರಲ್ಲಿ ಜಾರಿಗೆ ಬಂದ ಪರಿಷ್ಕೃತ ಕಾಮನ್ ರೂಲ್ (ಮನುಷ್ಯರ ಮೇಲಿನ ಸಂಶೋಧನೆಯ ನಿಯಮ) ಸಾರ್ವಜನಿಕ ಆರೋಗ್ಯದ ಕಣ್ಗಾವಲು ಚಟುವಟಿಕೆಗಳನ್ನು 'ಸಂಶೋಧನೆ' ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಅಂದರೆ ಐಆರ್‌ಬಿ ಅಗತ್ಯವೇ ಇಲ್ಲದ ಎಷ್ಟೋ ಸಮೀಕ್ಷೆಗಳಿಗೂ ಒಎಂಬಿ ಒಪ್ಪಿಗೆ ಬೇಕೇ ಬೇಕು.

10 ಮಂದಿ ಎಂಬ ಮಿತಿಯ ಬಗ್ಗೆಯೂ ಒಂದು ಮಾತು. 9 ಮಂದಿಯವರೆಗೆ ಪ್ರಶ್ನೆಗಳನ್ನು ಪರೀಕ್ಷಿಸಿ ನೋಡಲು ಒಪ್ಪಿಗೆ ಬೇಡ. ಆದರೆ ಗುತ್ತಿಗೆದಾರರ ಮೂಲಕ ಕೇಳಿಸಿದರೂ ಅದು ಇಲಾಖೆಯೇ ಕೇಳಿದಂತೆ. ವಿಶ್ವವಿದ್ಯಾಲಯಕ್ಕೆ ಅನುದಾನ ಕೊಟ್ಟು ಅವರು ತಮ್ಮಷ್ಟಕ್ಕೆ ಸಮೀಕ್ಷೆ ಮಾಡಿದರೆ ಕಾಯ್ದೆ ಅನ್ವಯಿಸುವುದಿಲ್ಲ. ಅನುದಾನದ ಷರತ್ತಿನಲ್ಲಿ ಇಲಾಖೆಯೇ ಪ್ರಶ್ನೆಗಳಿಗೆ ಒಪ್ಪಿಗೆ ಕೊಡಬೇಕು ಎಂದಿದ್ದರೆ ಅನ್ವಯಿಸುತ್ತದೆ. ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್ ನಡೆಸುವ ಸಂಶೋಧನೆಗೆ 2016ರ 21ನೇ ಶತಮಾನದ ಕ್ಯೂರ್ಸ್ ಆಕ್ಟ್ ವಿನಾಯಿತಿ ಕೊಟ್ಟಿತು. ಅದೇ ಕಾಯ್ದೆಯಡಿ ಸಾಂಕ್ರಾಮಿಕದಂಥ ತುರ್ತು ಪರಿಸ್ಥಿತಿಯಲ್ಲಿ ಆರೋಗ್ಯ ಸಚಿವರು ವಿನಾಯಿತಿ ಘೋಷಿಸಬಹುದು. ಅದಲ್ಲದೆ ತುರ್ತು ಒಪ್ಪಿಗೆ ಎಂಬ ದಾರಿಯೂ ಇದೆ, ಅದು 180 ದಿನಕ್ಕೆ ಸೀಮಿತ.

ಮನೆಗೆ ಬರುವ ಫಾರಂನ ಮೊದಲ ಪುಟದಲ್ಲಿ ಒಎಂಬಿ ನಂಬರ್, ಮುಗಿಯುವ ದಿನಾಂಕ ಅಚ್ಚಾಗಿರಬೇಕು. ಸರಿಯಾದ ನಂಬರ್ ಇಲ್ಲದ ಫಾರಂಗೆ ಉತ್ತರಿಸಲಿಲ್ಲವೆಂದು ಯಾರಿಗೂ ದಂಡ ಹಾಕುವಂತಿಲ್ಲ. ನಮ್ಮವರ ಮನೆಗಳಲ್ಲಿ ಹಿರಿಯರು "ಇದು ಮೋಸದ ಕಾಗದವೋ ಸರ್ಕಾರದ್ದೋ" ಎಂದು ಕೇಳಿದರೆ ಆ ನಂಬರನ್ನು ರೆಗ್‌ಇನ್ಫೋದಲ್ಲಿ ಹುಡುಕಿ ತೋರಿಸಿ, ಎರಡು ನಿಮಿಷದ ಕೆಲಸ.

ಹುಣಸೆತೋಪು:
ಈ ಪರಿಶೀಲನೆ ಒಳ್ಳೆಯದೆಂದೇ ಎಲ್ಲರೂ ಬರೆಯುತ್ತಿದ್ದೀರಿ. ಇನ್ನೊಂದು ಮುಖವನ್ನೂ ನೋಡಬೇಕು. ಎರಡು ನೋಟಿಸ್, ಒಳಗಿನ ಸಹಿಗಳು ಎಲ್ಲ ಸೇರಿ 6ರಿಂದ 9 ತಿಂಗಳು ಹಿಡಿಯುವುದು ಮಾಮೂಲು. ರೋಗ ಅಷ್ಟು ಕಾಯುವುದಿಲ್ಲ. ಜೊತೆಗೆ, ಬೇಡವಾದ ಪ್ರಶ್ನೆಗಳನ್ನು ತಡೆಯುವ ಅಧಿಕಾರ ರಾಜಕೀಯದ ಕೈಗೂ ಸಿಗುತ್ತದೆ. ಏಡ್ಸ್ ಹರಡುತ್ತಿದ್ದ ಹೊತ್ತಿನಲ್ಲಿ ಅಮೆರಿಕನ್ನರ ಲೈಂಗಿಕ ನಡವಳಿಕೆಯ ಬಗ್ಗೆ ಸುಮಾರು 20,000 ಮಂದಿಯ ಸರ್ಕಾರಿ ಸಮೀಕ್ಷೆಗೆ ಯೋಜನೆ ಸಿದ್ಧವಿತ್ತು. ವಿರೋಧ ಎದ್ದು, 1991ರಲ್ಲಿ ಸೆನೆಟ್ ಹಣವನ್ನೇ ಬೇರೆಡೆಗೆ ತಿರುಗಿಸಲು ಮತ ಹಾಕಿತು. ಸಂಶೋಧಕರು ಖಾಸಗಿ ಪ್ರತಿಷ್ಠಾನಗಳ ಹಣದಲ್ಲಿ 1992ರಲ್ಲಿ 3,432 ಮಂದಿಯನ್ನಷ್ಟೇ ಸಂದರ್ಶಿಸಲು ಸಾಧ್ಯವಾಯಿತು. 20,000ದಿಂದ 3,432ಕ್ಕೆ ಇಳಿದಾಗ ಏನು ಕಳೆದುಹೋಗುತ್ತದೆ? ಒಟ್ಟು ಜನಸಂಖ್ಯೆಯ ಸರಾಸರಿ ಸಿಗುತ್ತದೆ. ಹೆಚ್ಚು ಅಪಾಯದಲ್ಲಿರುವ ಚಿಕ್ಕ ಗುಂಪುಗಳ ಬಗ್ಗೆ ಏನನ್ನೂ ಗಟ್ಟಿಯಾಗಿ ಹೇಳಲಾಗುವುದಿಲ್ಲ. ಆ ಕಾಯಿಲೆಯ ವಿಷಯದಲ್ಲಿ ಬೇಕಿದ್ದದ್ದು ಅದೇ.

ಕಡತವಾಸಿ:
ಒಪ್ಪುತ್ತೇನೆ. ಅಲ್ಲಿ ತಡೆದದ್ದು ಮುಖ್ಯವಾಗಿ ಶಾಸಕಾಂಗ ಎಂಬುದನ್ನು ಮಾತ್ರ ಸೇರಿಸುತ್ತೇನೆ.

ನನಗೆ ಹೆಚ್ಚು ಕಳವಳ ತರುವುದು ಇದರ ಹಿಂಬಾಗಿಲು. 'ಸಾರಭೂತವಲ್ಲದ ಬದಲಾವಣೆ' ಎಂಬ ಒಂದು ಕೋರಿಕೆ ಇದೆ. ಅಚ್ಚಿನ ತಪ್ಪು ತಿದ್ದಲು, ಫೋನ್ ನಂಬರ್ ಬದಲಿಸಲು ಇರುವ ದಾರಿ. ಅದಕ್ಕೆ ನೋಟಿಸ್ ಬೇಡ, ಅಭಿಪ್ರಾಯದ ಅವಧಿ ಬೇಡ. 2025ರ ಜನವರಿಯ ಅಧ್ಯಕ್ಷರ ಆದೇಶದ ನಂತರ ಹಲವು ಕೇಂದ್ರ ಸಮೀಕ್ಷೆಗಳಿಂದ ಲಿಂಗ ಗುರುತಿನ ಪ್ರಶ್ನೆಗಳನ್ನು ತೆಗೆದದ್ದು ಈ ದಾರಿಯಲ್ಲೇ. ಒಂದು ಪ್ರಶ್ನೆ ಸೇರಿಸಲು 60 ದಿನ ಜನರನ್ನು ಕೇಳಬೇಕು, ತೆಗೆಯಲು ಕೇಳಬೇಕಿಲ್ಲ ಎಂದರೆ ಕಾಯ್ದೆಯ ಉದ್ದೇಶ ಉಳಿಯಲಿಲ್ಲ. ಇವತ್ತು ಆ ಪ್ರಶ್ನೆ, ನಾಳೆ ಜನಾಂಗದ ವಿವರ. ಆದ್ದರಿಂದ ನೀವು ಗಮನಿಸುವ ಸಮೀಕ್ಷೆಯ ಕಂಟ್ರೋಲ್ ನಂಬರನ್ನು ಎರಡು ತಿಂಗಳಿಗೊಮ್ಮೆ ರೆಗ್‌ಇನ್ಫೋದಲ್ಲಿ ಹುಡುಕಿ ನೋಡಿ. ಇಂಥ ಕೋರಿಕೆ ಫೆಡರಲ್ ರಿಜಿಸ್ಟರ್‌ನಲ್ಲಿ ಬರುವುದಿಲ್ಲ, ರೆಗ್‌ಇನ್ಫೋದಲ್ಲಿ ಮಾತ್ರ ಕಾಣುತ್ತದೆ.

ನೆಲ್ಲಿಕಾಯಿ:
ಜನಾಂಗದ ವಿವರದ ವಿಷಯಕ್ಕೇ ಬರುತ್ತೇನೆ, ಹೊಳೆದಂಡೆ ಅವರ ಸಮಿತಿಗಳಿಗೆ ಅದೇ ಮುಖ್ಯ.

'ಏಷ್ಯನ್' ಎಂಬ ಒಂದೇ ಪೆಟ್ಟಿಗೆಯಲ್ಲಿ ಚೀನೀಯರು, ಫಿಲಿಪಿನೋಗಳು, ಕೊರಿಯನ್ನರು, ನಾವು ಎಲ್ಲ ಸೇರಿದರೆ ಸಕ್ಕರೆ ಕಾಯಿಲೆಯ ಸರಾಸರಿ ಯಾರಿಗೂ ಹೊಂದುವುದಿಲ್ಲ. ದಕ್ಷಿಣ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಕಾಯಿಲೆ ಬರುತ್ತದೆ. ಅದಕ್ಕೇ ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಏಷ್ಯನ್ನರಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 23 ಮುಟ್ಟಿದರೆ ಪರೀಕ್ಷೆ ಮಾಡಿ ಎನ್ನುತ್ತದೆ. ಉಳಿದವರಿಗೆ ಅದು 25. ಎನ್‌ಹೇನ್ಸ್ 2011ರಿಂದ ಹಲವು ವರ್ಷ ಏಷ್ಯನ್ನರನ್ನು ಅವರ ಜನಸಂಖ್ಯೆಯ ಪಾಲಿಗಿಂತ ಹೆಚ್ಚು ಸಂಖ್ಯೆಯಲ್ಲಿ ಮಾದರಿಗೆ ಆಯುತ್ತಿತ್ತು. ಆದರೂ ವರ್ಷಕ್ಕೆ ಸುಮಾರು 5,000 ಮಂದಿಯ ಸಮೀಕ್ಷೆಯಲ್ಲಿ ಭಾರತೀಯರ ಸಂಖ್ಯೆ ಚಿಕ್ಕದು. ಒಂದು ವರ್ಷದ ಮಾಹಿತಿಯಿಂದ ಏನೂ ಹೇಳಲಾಗದು, ಹಲವು ವರ್ಷ ಕೂಡಿಸಬೇಕು.

2024ರ ಮಾರ್ಚ್‌ನಲ್ಲಿ ಒಎಂಬಿ ಜನಾಂಗದ ಪ್ರಶ್ನೆಯ ಮಾನದಂಡವನ್ನು ಪರಿಷ್ಕರಿಸಿತು. ಅದರ ವಿವರವಾದ ರೂಪದಲ್ಲಿ ಏಷ್ಯನ್ ಅಡಿ 'ಏಷ್ಯನ್ ಇಂಡಿಯನ್' ಎಂಬ ಪ್ರತ್ಯೇಕ ಪೆಟ್ಟಿಗೆ ಇದೆ. ಇಲಾಖೆ ಚಿಕ್ಕ ರೂಪ ಬಳಸುವುದಾದರೆ ಕಾರಣ ಕೊಡಬೇಕು. ನಿಮ್ಮ ಪತ್ರದಲ್ಲಿ ಕೇಳಬೇಕಾದ್ದು ಇದು: ವಿವರವಾದ ರೂಪವನ್ನೇ ಬಳಸಿ, ಸಂಗ್ರಹಿಸಿದ ವಿವರವನ್ನು ಪ್ರಕಟಿಸುವಾಗ ಮತ್ತೆ ಒಂದೇ ಪೆಟ್ಟಿಗೆಗೆ ಸುರಿಯಬೇಡಿ, ಗುರುತು ಬಯಲಾಗುವ ಭಯಕ್ಕೆ ಸಾರ್ವಜನಿಕ ಕಡತದಲ್ಲಿ ಕೊಡಲಾಗದಿದ್ದರೆ ಸಂಶೋಧಕರಿಗೆ ನಿರ್ಬಂಧಿತ ಕೇಂದ್ರದಲ್ಲಿ ಕೊಡಿ.

"ಪ್ರಶ್ನಾವಳಿಯನ್ನು ಕನ್ನಡದಲ್ಲಿ ಕೊಡಿ" ಎಂದು ಬರೆಯಬೇಕೆನಿಸುವುದು ಸಹಜ. ರಾಷ್ಟ್ರಮಟ್ಟದ ಮಾದರಿಯಲ್ಲಿ ಕನ್ನಡದ ಮನೆಗಳು ಎಷ್ಟು ಬೀಳುತ್ತವೆ ಎಂದು ಯೋಚಿಸಿದರೆ ಅದು ಆಗುವ ಮಾತಲ್ಲ. ಬದಲಿಗೆ, ದುಭಾಷಿಯಾಗಿ ಮನೆಯ ಮಗನನ್ನೋ ಸೊಸೆಯನ್ನೋ ಬಳಸುವುದು ಯಾವ ಪ್ರಶ್ನೆಗಳಿಗೆ ಸಲ್ಲ ಎಂಬ ನಿಯಮ ಇದೆಯೇ ಎಂದು ಕೇಳಿ. ಮನೆಯೊಳಗಿನ ಹಿಂಸೆ, ಖಿನ್ನತೆ, ಮದ್ಯಪಾನದ ಪ್ರಶ್ನೆಗಳನ್ನು ಅತ್ತೆಗೆ ಸೊಸೆ ಅನುವಾದಿಸಿ ಹೇಳಿದರೆ ಬರುವ ಉತ್ತರಕ್ಕೆ ಬೆಲೆ ಇಲ್ಲ.

ಸಂತೆಪೇಟೆ:
ನಮ್ಮಲ್ಲಿ, ಅಂದರೆ ಭಾರತದಲ್ಲಿ, ಹೀಗೆ ಪ್ರಶ್ನಾವಳಿಯನ್ನು ಜನರ ಮುಂದಿಡುವ ಕಾನೂನು ಇದೆಯೇ?

ದಾಸವಾಳ:
60 ದಿನದ ನೋಟಿಸಿನಂಥದ್ದು ಇಲ್ಲ. ಇರುವುದು ನೈತಿಕ ಪರಿಶೀಲನೆ ಮತ್ತು ಇಲಾಖೆಗಳ ಒಳಗಿನ ತಾಂತ್ರಿಕ ಸಮಿತಿಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯಲ್ಲಿ 7ರಿಂದ 15 ಸದಸ್ಯರು, ಅಧ್ಯಕ್ಷರು ಸಂಸ್ಥೆಯ ಹೊರಗಿನವರು, ಸಾಮಾನ್ಯ ಜನರ ಪರವಾಗಿ ಒಬ್ಬರು ಇರಬೇಕು. ವಿದೇಶಿ ಹಣ ಅಥವಾ ಸಹಯೋಗ ಇದ್ದರೆ ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಸಮಿತಿಯ ಒಪ್ಪಿಗೆಯೂ ಬೇಕು.

ಜನರ ಮುಂದೆ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಉದಾಹರಣೆ. 2019-21ರ ಐದನೇ ಸುತ್ತಿನಲ್ಲಿ 6,36,699 ಮನೆಗಳು, 7,24,115 ಮಹಿಳೆಯರು. ಅದರಲ್ಲಿ 15-49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ 57% ಎಂದು ಬಂತು. ಬೆರಳು ಚುಚ್ಚಿ ತೆಗೆದ ಹನಿಯಿಂದ ಹಿಮೋಗ್ಲೋಬಿನ್ ಅಳೆದರೆ ತೋಳಿನ ರಕ್ತನಾಳದಿಂದ ತೆಗೆದ ರಕ್ತಕ್ಕಿಂತ ಬೇರೆ ಅಂಕಿ ಬರುತ್ತದೆ ಎಂಬ ವಾದ ತಜ್ಞರ ನಡುವೆ ಬಹಳ ಕಾಲದಿಂದ ಇತ್ತು. ಆರನೇ ಸುತ್ತಿನಲ್ಲಿ ಆ ಪರೀಕ್ಷೆಯನ್ನು ಕೈಬಿಟ್ಟು ಬೇರೆ ಆಹಾರ ಸಮೀಕ್ಷೆಗೆ ವರ್ಗಾಯಿಸುತ್ತಾರೆ ಎಂಬುದು ಹೆಚ್ಚಿನವರಿಗೆ ತಿಳಿದದ್ದು 2023ರಲ್ಲಿ ಪತ್ರಿಕೆ ಓದಿ. ವಿಧಾನ ಬದಲಿಸುವುದಕ್ಕೆ ವೈಜ್ಞಾನಿಕ ಕಾರಣ ಇರಬಹುದು. ಆದರೆ ಹಳೆಯ ಸುತ್ತುಗಳ ಜೊತೆ ಹೋಲಿಸಲು ಒಂದು ಸುತ್ತಿನಲ್ಲಾದರೂ ಎರಡೂ ವಿಧಾನವನ್ನು ಜೊತೆಜೊತೆಗೆ ಮಾಡಿ ಎಂದು ಮೊದಲೇ ಹೇಳುವ ಅವಕಾಶ ಹೊರಗಿನವರಿಗೆ ಇರಲಿಲ್ಲ.

ಭಾಷೆಯ ವಿಷಯದಲ್ಲಿ ಮುಂಚಿತವಾಗಿ ತೋರಿಸಿದರೆ ಲಾಭ ಇನ್ನೂ ಹೆಚ್ಚು. ಕನ್ನಡ ಪ್ರಶ್ನಾವಳಿಯಲ್ಲಿ 'ಅತಿಸಾರ' ಎಂದು ಬರೆದರೆ ಹಳ್ಳಿಯಲ್ಲಿ ಸಂದರ್ಶಕಿ ಅದನ್ನು ತಾನೇ 'ಭೇದಿ' ಎನ್ನಬೇಕಾಗುತ್ತದೆ. 'ಮಧುಮೇಹ ಇದೆಯೇ' ಎಂದರೆ ಇಲ್ಲ ಎನ್ನುವವರು 'ಶುಗರ್ ಇದೆಯಾ' ಎಂದರೆ ಹೌದು ಎನ್ನುತ್ತಾರೆ. ಒಬ್ಬೊಬ್ಬ ಸಂದರ್ಶಕಿ ಒಂದೊಂದು ಪದ ಬಳಸಿದರೆ ಜಿಲ್ಲೆ ಜಿಲ್ಲೆಗಳ ನಡುವಿನ ವ್ಯತ್ಯಾಸ ಕಾಯಿಲೆಯದ್ದೋ ಪದದ್ದೋ ಗೊತ್ತಾಗುವುದಿಲ್ಲ. ಇಂಗ್ಲಿಷಿಗೆ ಮರಳಿ ಅನುವಾದಿಸಿ ನೋಡುವ ಪದ್ಧತಿ ಇದನ್ನು ಹಿಡಿಯುವುದಿಲ್ಲ, ಏಕೆಂದರೆ 'ಅತಿಸಾರ' ಮರಳಿ ಸರಿಯಾಗಿಯೇ ಅನುವಾದವಾಗುತ್ತದೆ. ಹಿಡಿಯುವುದು ರಾಯಚೂರು, ಮಂಡ್ಯ, ಉತ್ತರ ಕನ್ನಡದಲ್ಲಿ ನಾಲ್ಕು ನಾಲ್ಕು ಮಂದಿಗೆ ಓದಿ ಹೇಳಿ "ನಿಮಗೆ ಏನು ಅರ್ಥವಾಯಿತು, ನಿಮ್ಮ ಮಾತಿನಲ್ಲಿ ಹೇಳಿ" ಎಂದು ಕೇಳಿದಾಗ.

ಹೊಳೆದಂಡೆ:
ಬಹಳ ಉಪಕಾರ ಎಲ್ಲರಿಗೂ. ಸಹಿ ಪತ್ರದ ಬಗ್ಗೆ ಯಾರೂ ಹೇಳಲಿಲ್ಲ. ಪತ್ರದ ರೂಪ ಹೇಗಿದ್ದರೆ ಒಳ್ಳೆಯದು?

ಗಣಕಪಟ್ಟಿ:
ಒಂದೇ ಒಕ್ಕಣೆಯ ನೂರು ಪತ್ರಗಳನ್ನು 8ನೇ ಅಂಶದಲ್ಲಿ "ಒಂದೇ ಬಗೆಯ ನೂರು ಅಭಿಪ್ರಾಯಗಳು ಬಂದವು" ಎಂದು ಒಂದು ಸಾಲಿನಲ್ಲಿ ಸೇರಿಸಿ ಮುಗಿಸುತ್ತಾರೆ. ಇದು ಮತದಾನವಲ್ಲ. ಎರಡು ಪುಟದ ಒಂದೇ ಪತ್ರ ಸಾಕು.

ಮೇಲೆ ಡಾಕೆಟ್ ನಂಬರ್, ಒಎಂಬಿ ನಂಬರ್. ಆಮೇಲೆ ಪ್ರತಿ ಪ್ಯಾರಾದಲ್ಲೂ ಪ್ರಶ್ನೆಯ ಸಂಖ್ಯೆ, ಈಗಿರುವ ಪದಗಳು, ತೊಂದರೆ ಏನು, ಯಾಕೆ, ಬದಲಿಗೆ ಬರೆಯಬೇಕಾದ ಪೂರ್ತಿ ವಾಕ್ಯ. ಉದಾಹರಣೆಗೆ: "ಆಹಾರದ ಭಾಗ, ಪ್ರಶ್ನೆ 14. ವಾರಕ್ಕೆ ಎಷ್ಟು ಸಲ ಬ್ರೆಡ್ ಅಥವಾ ಪಾಸ್ತಾ ತಿನ್ನುತ್ತೀರಿ ಎಂದಿದೆ. ಅನ್ನ, ಚಪಾತಿ, ರೊಟ್ಟಿ, ಮುದ್ದೆ ತಿನ್ನುವವರು ಸೊನ್ನೆ ಎಂದು ಗುರುತಿಸುತ್ತಾರೆ, ಹಿಟ್ಟಿನ ಪದಾರ್ಥದ ಸೇವನೆ ಕಡಿಮೆ ಎಂದು ದಾಖಲಾಗುತ್ತದೆ. 'ಅನ್ನ ಅಥವಾ ಯಾವುದೇ ಧಾನ್ಯದ ರೊಟ್ಟಿ' ಎಂದು ಸೇರಿಸಿ." ಹೀಗಿದ್ದರೆ ಅಧಿಕಾರಿಗೆ ಕತ್ತರಿಸಿ ಅಂಟಿಸುವಷ್ಟೇ ಕೆಲಸ ಉಳಿಯುತ್ತದೆ. "ನಮ್ಮ ಸಂಸ್ಕೃತಿಗೆ ಒಗ್ಗುವಂತೆ ಮಾಡಿ" ಎಂದಷ್ಟೇ ಬರೆದರೆ ಅವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಪ್ರಶ್ನೆ ಸೇರಿಸಿ ಎಂದು ಕೇಳುವಾಗ ಯಾವುದನ್ನು ತೆಗೆಯಬಹುದು ಎಂದೂ ಹೇಳಿ. ಗಂಟೆಗಳ ಲೆಕ್ಕ ಏರದಂತೆ ನೋಡುವ ಒತ್ತಡ ಅವರ ಮೇಲಿರುತ್ತದೆ.

ಮಳೆಮಾಪಕ:
ಎರಡು ಎಚ್ಚರಿಕೆ. ಪತ್ರ ಹಾಗೇ ಸಾರ್ವಜನಿಕವಾಗಿ ಪ್ರಕಟವಾಗುತ್ತದೆ, ಯಾರ ಕಾಯಿಲೆಯ ವಿವರ, ಮನೆ ವಿಳಾಸ ಏನೂ ಬೇಡ. ಮತ್ತೆ, ಕಳಿಸಿದಾಗ ತೆರೆಯ ಮೇಲೆ ಬರುವ ಟ್ರ್ಯಾಕಿಂಗ್ ನಂಬರನ್ನು ತಪ್ಪದೆ ಬರೆದಿಟ್ಟುಕೊಳ್ಳಿ. 30 ದಿನದ ನೋಟಿಸ್ ಬಂದಾಗ ಮೊದಲ ಸುತ್ತಿನಲ್ಲಿ ಎಷ್ಟು ಅಭಿಪ್ರಾಯ ಬಂದವು ಎಂದು ಸಾಮಾನ್ಯವಾಗಿ ನಮೂದಿಸಿರುತ್ತಾರೆ. ಒಂದೂ ಬಂದಿಲ್ಲ ಎಂದಿದ್ದು ನಿಮ್ಮ ಬಳಿ ನಂಬರ್ ಇದ್ದರೆ, ಅದನ್ನು ಉಲ್ಲೇಖಿಸಿ ಹಳೆಯ ಪತ್ರವನ್ನೇ ಲಗತ್ತಿಸಿ ಒಎಂಬಿಗೆ ಕಳಿಸಿ. ನಿಮ್ಮ ಪತ್ರಕ್ಕೆ 8ನೇ ಅಂಶದಲ್ಲಿ ಉತ್ತರ ಬರೆಯದೆ ಆ ಕಡತ ಮುಂದೆ ಹೋಗಬಾರದು ಎಂದು ಸ್ಪಷ್ಟವಾಗಿ ಕೇಳಿ.